ಕತ್ತಿಯ ಮೇಲಿನ ಎರಡು ಚುಕ್ಕೆ

ಹೊಳಪು ಕೊಡುವ ಮಷೀನಿನಲ್ಲಿ ಓಡುವ ಬಟ್ಟೆ ಚಕ್ರಕ್ಕೆ ಪಾಲಿಶ್ ಸೋಪು ತಾಗಿ ಬಿಸಿಯಾದಾಗ ಒಂದು ವಾಸನೆ ಏಳುತ್ತದೆ. ಸ್ವಲ್ಪ ಮೇಣ, ಸ್ವಲ್ಪ ಸುಟ್ಟ ಹತ್ತಿ, ಸ್ವಲ್ಪ ಕಬ್ಬಿಣ. ಗೊತ್ತಿಲ್ಲದವರು ಮೂಗು ಮುಚ್ಚಿಕೊಳ್ಳುತ್ತಾರೆ. ಇಪ್ಪತ್ತೇಳು ವರ್ಷ ಅದರಿಂದಲೇ ಅನ್ನ ಉಂಡ ನನಗೆ ಅದು ಮನೆಯ ವಾಸನೆ. ಈ ಸಲ ಆಯುಧಪೂಜೆಯ ಬೆಳಿಗ್ಗೆ ಪೀಣ್ಯ ಎರಡನೇ ಹಂತದಲ್ಲಿ ಆಟೋ ಇಳಿದು, ನೀರು ನಿಂತ ಗಲ್ಲಿಯಲ್ಲಿ ಸೀರೆ ಎತ್ತಿಕೊಂಡು ನಡೆಯುತ್ತಿದ್ದಾಗ ಅದು ಗಪ್ಪೆಂದು ಮೂಗಿಗೆ ಬಡಿಯಿತು. ಹಬ್ಬದ ದಿನವೂ ಯಾರೋ ಮಷೀನು ಓಡಿಸುತ್ತಿದ್ದರು, ಗಡುವು ಮೀರಿದ ಆರ್ಡರ್ ಇರಬೇಕು. ನಾನು ಅಲ್ಲೇ ಗೋಡೆ ಹಿಡಿದು ನಿಂತೆ. ಏಳು ವರ್ಷದ ಹಿಂದಿನ ಒಂದು ದಸರೆಯ ಹಿಂದುಮುಂದಿನ ದಿನಗಳು ಹೊಟ್ಟೆಯೊಳಗೆ ಹಾಗೇ ಇದ್ದವು, ಅರಗಿರಲಿಲ್ಲ.

ಆಗ ನನ್ನ ಪಾಲಿಶ್ ಶೆಡ್ಡು ಇದೇ ಗಲ್ಲಿಯಲ್ಲಿತ್ತು. ನಾಲ್ಕು ಚಕ್ರ, ಆರು ಜನ. ಆಸ್ಪತ್ರೆಯ ಕತ್ತರಿ, ಇಕ್ಕಳ, ಹೋಟೆಲಿನ ಸ್ಟೀಲ್ ಪಾತ್ರೆ ಏನೇ ಬರಲಿ, ಮುಖ ನೋಡಿಕೊಳ್ಳುವ ಹಾಗೆ ಹೊಳಪು ಕೊಟ್ಟು ಕಳಿಸುತ್ತಿದ್ದೆವು. ಅಪ್ಪ ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಟೂಲ್‌ರೂಮಿನವರು. ಕ್ವಾರ್ಟರ್ಸಿನಲ್ಲಿ ಬೆಳೆದ ನನಗೆ ಕಲೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಮದುವೆಮನೆಗೆ ಹೋದರೂ ಊಟದ ಲೋಟ ತಿರುಗಿಸಿ ಗೀರು ನೋಡುವವಳು. ಮನೆಯಲ್ಲಿ ಇದಕ್ಕೆ ನಕ್ಕು ನಕ್ಕು ಸುಸ್ತಾಗಿದ್ದರು. ನನಗೆ ಮಾತ್ರ ಹೊಳಪು ಅಂದರೆ ಪ್ರಾಮಾಣಿಕತೆ, ಕಪ್ಪು ಅಂದರೆ ಸೋಮಾರಿತನ ಎಂಬ ನಂಬಿಕೆ ಗಟ್ಟಿಯಾಗಿ ಕೂತಿತ್ತು. ಕೋಪವೂ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಶೆಡ್ಡಿನ ಮಾಲೀಕರು ರಾಮಾಂಜನಪ್ಪ. ಈ ಜಾಗ ಹಳ್ಳಿಯಾಗಿದ್ದಾಗ ಇವರದು ರಾಗಿ ಹೊಲ. ಹೊಲದಲ್ಲಿ ಶೆಡ್ಡುಗಳು ಎದ್ದ ಮೇಲೆ ಅವರು ಗಲ್ಲಿಯ ತುದಿಯಲ್ಲಿ ಮೂರಂತಸ್ತಿನ ಮನೆ ಕಟ್ಟಿಸಿಕೊಂಡರು. ಮನೆಯಲ್ಲಿ ಅವರ ತಾಯಿ, ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋದ ಮುದುಕಿ. ಮಗ, ಸೊಸೆ ಅವ್ವ ಅನ್ನುತ್ತಿದ್ದರು, ಉಳಿದವರೆಲ್ಲ ಅಜ್ಜಿ ಅನ್ನುತ್ತಿದ್ದರು. ನಮ್ಮ ಶೆಡ್ಡಿನ ಕರೆಂಟು ಬಿಲ್ಲು ಮಾತ್ರ ಹೊನ್ನಮ್ಮ ಎಂಬ ಹೆಸರಿನಲ್ಲಿ ಬರುತ್ತಿತ್ತು. ಅದು ಅಜ್ಜಿಯ ಹೆಸರೆಂದು ತಿಳಿಯಲು ನನಗೆ ಮೂರು ವರ್ಷ ಬೇಕಾಯಿತು.

ಮಹಾಲಯ ಅಮಾವಾಸ್ಯೆಗೆ ಇನ್ನೂ ನಾಲ್ಕು ದಿನ ಇರುವಾಗ ರಾಮಾಂಜನಪ್ಪ ಹಳೇ ಪಂಚೆಯಲ್ಲಿ ಸುತ್ತಿದ ಉದ್ದನೆಯದೊಂದನ್ನು ನನ್ನ ಮೇಜಿನ ಮೇಲೆ ಇಟ್ಟರು. ಬಿಚ್ಚಿದರೆ ಕತ್ತಿ. ತುದಿ ಸ್ವಲ್ಪ ಬಾಗಿದ್ದು, ಹಿಡಿಯ ಮೇಲೆ ತಟ್ಟೆಯಂಥ ಕಬ್ಬಿಣದ ಬಿಲ್ಲೆ. ಉದ್ದಕ್ಕೂ ಕಪ್ಪು ಕಂದು ಬಣ್ಣ, ಹಿಡಿಯ ಹತ್ತಿರ ಎಣ್ಣೆ ಕುಂಕುಮ ಸೇರಿ ಹೆಪ್ಪುಗಟ್ಟಿದ ಪದರ. ರಾಗಿ ಕಣ ಕಾಯಲು ಹಿಂದಿನವರು ರಾತ್ರಿ ತಲೆದೆಸೆಗೆ ಇಟ್ಟುಕೊಂಡು ಮಲಗುತ್ತಿದ್ದ ಕತ್ತಿಯಂತೆ. ಈಗ ಅಟ್ಟದ ಪೆಟ್ಟಿಗೆಯಲ್ಲಿ ಇರುತ್ತದೆ, ಆಯುಧಪೂಜೆಗೆ ಮಾತ್ರ ದೇವರಮನೆಗೆ ಇಳಿಯುತ್ತದೆ. ಈ ವರ್ಷ ಪೂಜೆಯನ್ನು ಮನೆ ಮುಂದೆ ಶಾಮಿಯಾನ ಹಾಕಿ ಮಾಡುವುದೆಂದು ಅವರು ತೀರ್ಮಾನಿಸಿದ್ದರು. ಕತ್ತಿ ಹಿಡಿದ ಅವರ ಫೋಟೋ ಫ್ಲೆಕ್ಸಿನಲ್ಲಿ ಬರಬೇಕಿತ್ತು. ತುಕ್ಕು ಹಿಡಿದ ಕತ್ತಿ ಹಿಡಿದು ನಿಂತರೆ ಜನ ನಗುತ್ತಾರೆ, ನಿಮ್ಮ ಆಸ್ಪತ್ರೆ ಕತ್ತರಿಯ ಹಾಗೆ ಫಳಫಳ ಅನ್ನಬೇಕು, ಅಂದರು. ಹೋಗುವಾಗ ಬಾಗಿಲಲ್ಲಿ ತಿರುಗಿ, ಶೆಡ್ಡಿನ ಅಗ್ರಿಮೆಂಟು ಈ ದಸರೆಗೇ ಮುಗಿಯುತ್ತದಲ್ಲ, ಹಬ್ಬ ಕಳೆದ ಮೇಲೆ ಹೊಸದು ಮಾಡಿಕೊಳ್ಳೋಣ ಎಂದೂ ಸೇರಿಸಿದರು. ಹೆದರಿಸುವ ದನಿಯಲ್ಲೇನೂ ಹೇಳಲಿಲ್ಲ. ಆದರೂ ಎರಡೂ ಮಾತು ಒಟ್ಟಿಗೇ ನನ್ನ ಕಿವಿಯಲ್ಲಿ ಕೂತವು.

ನನ್ನ ಕೆಲಸಗಾರರಲ್ಲಿ ಹಿರಿಯ ಈರಪ್ಪ. ಬಾಗಲಕೋಟೆ ಕಡೆಯವನು, ಕುಲುಮೆಯ ಮನೆತನ, ಊರಲ್ಲಿ ಕುಲುಮೆ ಆರಿದ ಮೇಲೆ ಪೀಣ್ಯಕ್ಕೆ ಬಂದು ಹೆಂಡತಿ ಮಗಳೊಂದಿಗೆ ಒಂದು ಕೋಣೆಯಲ್ಲಿ ಬಾಡಿಗೆಗಿದ್ದ. ಮಾತು ಕಮ್ಮಿ. ಅವನು ಕತ್ತಿಯನ್ನು ಬೆಳಕಿಗೆ ಹಿಡಿದು, ಎರಡೂ ಮೈ ತಿರುಗಿಸಿ, ಉಗುರಿನಿಂದ ಒಂದು ಕಡೆ ಮೆಲ್ಲಗೆ ಕೆರೆದ. ಆಮೇಲೆ ಅದನ್ನು ಪಂಚೆಯ ಮೇಲೆ ಮಲಗಿಸಿ, "ಇದನ್ನ ಚಕ್ರಕ್ಕ ಹಿಡೀಬ್ಯಾಡ್ರಿ ಅಕ್ಕಾರ" ಅಂದ. ಅಲ್ಲಲ್ಲಿ ಕೆಂಪಗೆ ಪುಡಿ ಉದುರುತ್ತಿದ್ದದ್ದು ಕಬ್ಬಿಣ ತಿನ್ನುವ ತುಕ್ಕು, ಅದನ್ನು ತೆಗೆಯಬೇಕು. ಕಪ್ಪಗೆ ಗಟ್ಟಿಯಾಗಿರುವುದು ವರ್ಷಗಟ್ಟಲೆ ಎಣ್ಣೆ ಕುಡಿದು ಕಟ್ಟಿದ ಚರ್ಮ, ಅದು ಇದ್ದರೇ ಕತ್ತಿ ಉಳಿಯುವುದು. ಇಷ್ಟನ್ನು ಅವನು ಸಮಾಧಾನವಾಗಿ ವಿವರಿಸಿದ. ನನಗೆ ಕೇಳುವ ವ್ಯವಧಾನವಿರಲಿಲ್ಲ. ಮಾಲೀಕರೇ ಹೊಳೆಯಲಿ ಅಂದಿದ್ದಾರೆ, ನಡುವೆ ನಿನ್ನದೇನು ಎಂದು ರೇಗಿದೆ.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಹೊಸ ಲೋಹ ಬಂದರೆ ಇಡೀ ಸಾಮಾನಿಗೆ ಕೈ ಹಾಕುವ ಮುಂಚೆ ಒಂದು ಕಡೆ ಎರಡು ಬೆರಳಗಲ ಟ್ರಯಲ್ ಮಾಡಿ ನೋಡುವುದು. ಅದೂ ಎಲ್ಲಿ ಮೈ ಅತಿ ಕೆಟ್ಟಿದೆಯೋ ಅಲ್ಲಿ. ಅಲ್ಲಿ ಹೊಳಪು ಬಂದರೆ ಮಿಕ್ಕ ಕಡೆ ಬಂದೇ ಬರುತ್ತದೆ. ಅಪ್ಪ ಕಲಿಸಿದ್ದು ಇದು, ನಾನು ಆರು ಜನಕ್ಕೆ ಕಲಿಸಿದ್ದೂ ಇದೇ. ಹಿಡಿಯಿಂದ ಒಂದು ಗೇಣು ಮುಂದೆ, ಕುಂಕುಮದ ಪದರದ ಅಂಚಿನಲ್ಲಿ, ಸಣ್ಣ ಸಣ್ಣ ಗುಂಡಿಗಳಿದ್ದವು. ತುಕ್ಕು ತಿಂದ ಗುಂಡಿ ಅಂದರೆ ಪಾಲಿಶಿನವರಿಗೆ ವೈರಿ. ನಾನೇ ಕನ್ನಡಕ ಹಾಕಿ ಕೂತೆ. ಉಜ್ಜುವ ಎಮರಿ ಪುಡಿ ಹಚ್ಚಿದ ಚಕ್ರ, ಆಮೇಲೆ ನಾರಿನ ಚಕ್ರ, ಕೊನೆಗೆ ಬಟ್ಟೆ ಚಕ್ರ. ಹತ್ತು ನಿಮಿಷ ಹಿಡಿಯಲಿಲ್ಲ. ಕಪ್ಪು ಹೋಗಿ, ಗುಂಡಿ ಎರಡು ಮಾಯವಾಗಿ, ಎರಡು ಬೆರಳಗಲ ಜಾಗದಲ್ಲಿ ನನ್ನ ಮೂಗುಬೊಟ್ಟು ಕಂಡಿತು. ಗೆದ್ದವಳ ಹಾಗೆ ಈರಪ್ಪನನ್ನು ಕರೆದು ತೋರಿಸಿದೆ.

ಅವನು ಹೊಳೆಯುವ ಜಾಗ ನೋಡಲೇ ಇಲ್ಲ. ಅದರ ಪಕ್ಕದ, ಕುಂಕುಮದಡಿ ಇನ್ನೂ ಉಳಿದಿದ್ದ ಗುಂಡಿಗಳನ್ನು ಎಣ್ಣೆ ಬಟ್ಟೆಯಿಂದ ಒರೆಸಿ ನೋಡಿದ. ಮೂರಿದ್ದವು. ಒಂದಕ್ಕೊಂದು ಒಂದು ಕಾಳಿನಷ್ಟು ಅಂತರ, ನೆಟ್ಟಗೆ ಒಂದೇ ಗೆರೆಯಲ್ಲಿ. ಆ ಗೆರೆ ನಾನು ತಿಕ್ಕಿದ ಜಾಗಕ್ಕೆ ಬಂದು ನಿಂತಿತ್ತು.

"ತುಕ್ಕು ಸಾಲು ಹಿಡದು ತಿನ್ನಂಗಿಲ್ರಿ ಅಕ್ಕಾರ. ಇವು ಯಾರೋ ಹೊಡದ ಚುಕ್ಕಿ."

ಮಷೀನು ಇನ್ನೂ ತಿರುಗುತ್ತಿತ್ತು. ನಾನು ಸ್ವಿಚ್ಚು ಆರಿಸಿದೆ. ಏನು ಮಾಡಿದ್ದೇನೆಂದು ಇನ್ನೂ ಪೂರ್ತಿ ತಿಳಿದಿರಲಿಲ್ಲ, ಆದರೆ ಏನೋ ಮಾಡಿಬಿಟ್ಟಿದ್ದೇನೆ ಎಂಬುದು ಗೊತ್ತಾಗಿತ್ತು. ಕಬ್ಬಿಣದಲ್ಲಿ ಒಂದು ಸಲ ಸವೆದದ್ದು ಸವೆದದ್ದೇ, ಅದನ್ನು ಯಾರೂ ವಾಪಸು ತರಲಾರರು.

ರಾಮಾಂಜನಪ್ಪನವರಿಗೆ ಫೋನು ಮಾಡಿ, ಇದರ ಮೇಲೆ ಚುಕ್ಕೆಗಳಿದ್ದದ್ದು ನಿಮಗೆ ಗೊತ್ತೇ ಎಂದು ಕೇಳಿದೆ. ಐದು ನಿಮಿಷದಲ್ಲಿ ಸ್ಕೂಟರಿನಲ್ಲಿ ಬಂದರು. ಕತ್ತಿ ನೋಡಿದವರು ಸ್ಟೂಲಿನ ಮೇಲೆ ಕೂತುಬಿಟ್ಟರು. ಅವರಿಗೆ ಗೊತ್ತಿದ್ದದ್ದು ಇಷ್ಟೇ. ಪ್ರತಿವರ್ಷ ದೇವರಮನೆಯ ಬಾಗಿಲು ಮುಂದಕ್ಕೆಳೆದು ಅವ್ವ ಕತ್ತಿಗೆ ಕುಂಕುಮ ಇಡುತ್ತಾಳೆ, ಇಡುವಾಗ ಹೆಬ್ಬೆಟ್ಟಿನಿಂದ ಏನನ್ನೋ ಎಣಿಸುತ್ತಾ ಹಿರಿಯರ ಹೆಸರು ಹೇಳುತ್ತಾಳೆ. ಅದು ಮಂತ್ರ ಎಂದುಕೊಂಡಿದ್ದರಂತೆ. ಕತ್ತಿ ಪಾಲಿಶಿಗೆ ಕೊಟ್ಟದ್ದನ್ನು ಅವ್ವನಿಗೆ ಹೇಳಿಯೇ ಇರಲಿಲ್ಲ. ಕಣ್ಣಿಲ್ಲದವಳಿಗೆ ಹೊಳಪು ಎಲ್ಲಿ ಗೊತ್ತಾಗಬೇಕು ಎಂಬ ಧೈರ್ಯ ಅವರದು.

ಐವತ್ತು ದಾಟಿದ, ನಾಲ್ಕು ಶೆಡ್ಡಿನ ಮಾಲೀಕರು, ತಾಯಿಯ ಹೆಬ್ಬೆಟ್ಟಿಗೆ ಹೆದರಿ ಬೆವರುತ್ತಿದ್ದರು. ನನಗೂ ನಗು ಬರುವ ಸ್ಥಿತಿಯಿರಲಿಲ್ಲ. ಸಾವರಿಸಿಕೊಂಡ ಮೇಲೆ ಅವರು ದಾರಿ ಹುಡುಕಿದರು. ಪೀಣ್ಯದಲ್ಲಿ ಆಗದ ಕೆಲಸ ಯಾವುದು? ಅದೇ ಜಾಗದಲ್ಲಿ ಎರಡು ಚುಕ್ಕೆ ಹೊಡೆಯುವುದು, ಪಕ್ಕದ ಗಲ್ಲಿಯಲ್ಲಿ ಬೋಲ್ಟಿಗೆ ಕಪ್ಪು ಬಣ್ಣ ಏರಿಸುತ್ತಾರಲ್ಲ, ಅವರ ಹತ್ತಿರ ಕಪ್ಪು ಮಾಡಿಸುವುದು. ಹೊಳಪೂ ಬೇಡ, ಏನೂ ಬೇಡ, ಕತ್ತಿ ಮೊದಲಿನ ಹಾಗಾದರೆ ಸಾಕು. "ಅವ್ವಂಗೆ ಗೊತ್ತಾಗ್ಬಾರ್ದು ಸರೋಜಮ್ಮ. ಗೊತ್ತಾದ್ರೆ ನೀವೂ ಇಲ್ಲಿರಕ್ಕಾಗಲ್ಲ, ನಾನೂ ಮನೇಲಿರಕ್ಕಾಗಲ್ಲ" ಅಂದರು. ಅಗ್ರಿಮೆಂಟಿನ ಮಾತು ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ.

ಆ ಸಂಜೆ ಮಳೆ ಹಿಡಿಯಿತು. ಆ ವರ್ಷ ಮಳೆ ಹಿಂದಕ್ಕೆ ಹೋಗುವುದನ್ನೇ ಮರೆತಿತ್ತು. ದಿನಾ ನಾಲ್ಕು ಗಂಟೆಗೆ ಕಪ್ಪಾಗಿ, ಗಲ್ಲಿಯ ತುಂಬ ಎಣ್ಣೆ ಬೆರೆತ ನೀರು ಹರಿಯುತ್ತಿತ್ತು. ಕರೆಂಟು ಬಂದು ಬಂದು ಹೋಗುತ್ತಿತ್ತು. ಬೆಳಿಗ್ಗೆ ಶೆಡ್ಡು ತೆಗೆದು ಕತ್ತಿ ಬಿಚ್ಚಿದರೆ, ನನ್ನ ಮೂಗುಬೊಟ್ಟು ತೋರಿಸಿದ್ದ ಜಾಗದಲ್ಲಿ ಕಿತ್ತಳೆ ಬಣ್ಣದ ಹೊಸ ತುಕ್ಕು ಹರಡಿತ್ತು. ಕಪ್ಪು ಇದ್ದ ಕಡೆ ಹೊಸ ತುಕ್ಕಿನ ಸುಳಿವೂ ಇಲ್ಲ. ಮೈಮೇಲಿನ ಬಟ್ಟೆ ಕಿತ್ತರೆ ನೆಗಡಿಯಾಗದೆ ಇನ್ನೇನಾಗುತ್ತದೆ ಎಂದು ಈರಪ್ಪ ತನಗೇ ಹೇಳಿಕೊಂಡ. ನಾನು ಬಾಯಿ ಮುಚ್ಚಿಕೊಂಡಿದ್ದೆ. ಜೀವನದಲ್ಲಿ ಅಪರೂಪಕ್ಕೆ ಮಾಡಿದ ಕೆಲಸ ಅದು.

ಆಮೇಲಿನ ದಿನಗಳಲ್ಲಿ ಅವನು ಬೇರೆ ಕೆಲಸದ ನಡುವೆ ಬಿಡುವಾದಾಗಲೆಲ್ಲ ಕತ್ತಿ ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದ. ಬಿದಿರಿನ ಸೀಳಿನ ತುದಿ ಚಪ್ಪಟೆ ಮಾಡಿಕೊಂಡು, ತೆಳು ಎಣ್ಣೆ ಬಿಟ್ಟು, ಕೆಂಪು ಪುಡಿಯನ್ನು ಮಾತ್ರ ಎಬ್ಬಿಸುವುದು. ಕಪ್ಪು ಬಂದ ಕೂಡಲೇ ಕೈ ನಿಲ್ಲಿಸುವುದು. ಹಳೇ ಹತ್ತಿ ಬಟ್ಟೆಯಿಂದ ಒರೆಸುವುದು, ಮತ್ತೆ ಎಣ್ಣೆ. ಒಂದು ಗೇಣು ಜಾಗಕ್ಕೆ ಒಂದು ಮಧ್ಯಾಹ್ನ. ಕುಂಕುಮದ ಪದರವನ್ನು ಅವನು ಮುಟ್ಟಲೇ ಇಲ್ಲ. ನಾನು ಇಪ್ಪತ್ತು ವರ್ಷದಲ್ಲಿ ಕಲಿತದ್ದು ತೆಗೆಯುವುದನ್ನು. ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಅವನ ಕೈ ನೋಡಿ ಕಲಿತೆ, ಅದೂ ಕೆಡಿಸಿದ ಮೇಲೆ.

ನವರಾತ್ರಿ ಶುರುವಾಯಿತು. ರಾಮಾಂಜನಪ್ಪ ದಿನಕ್ಕೆರಡು ಸಲ ಫೋನು ಮಾಡಿ ಆಯ್ತಾ ಎಂದು ಕೇಳುತ್ತಿದ್ದರು. ಐದನೇ ದಿನ ನಾನು ಈರಪ್ಪನಿಗೆ ಚುಕ್ಕೆ ಹೊಡೆಯಲು ಹೇಳಿದೆ. ಅವನು ಇಲ್ಲವೆನ್ನಲಿಲ್ಲ. ಚುಕ್ಕೆ ಹೊಡೆಯುವುದೇನು ದೊಡ್ಡದಲ್ಲ ಅಂದ. "ಆದ್ರ ಯಾರ ಹೆಸರೀಲೆ ಹೊಡೀಲ್ರಿ?" ಎಂದು ಕೇಳಿದ.

ಸಿಟ್ಟು ಬಂತು. ನಾನೇ ಸೆಂಟರ್ ಪಂಚು, ಸುತ್ತಿಗೆ ತೆಗೆದುಕೊಂಡು ಒಂದು ಗುಜರಿ ಪಟ್ಟಿಯ ಮೇಲೆ ಅಭ್ಯಾಸಕ್ಕೆ ಕೂತೆ. ಇಪ್ಪತ್ತು, ಮೂವತ್ತು ಚುಕ್ಕೆ ಹೊಡೆದೆ. ಒಂದೊಂದೂ ಗುಂಡಗೆ, ಅಚ್ಚುಕಟ್ಟಾಗಿ, ಕಾರ್ಖಾನೆಯ ಚುಕ್ಕೆಯಾಗಿಯೇ ಬರುತ್ತಿತ್ತು. ಕತ್ತಿಯ ಮೇಲೆ ಉಳಿದ ಮೂರು ಹಾಗಿರಲಿಲ್ಲ. ಒಂದು ಓರೆ, ಒಂದು ಆಳ, ಇನ್ನೊಂದು ಎರಡು ಸಲ ಪೆಟ್ಟು ತಿಂದು ಜೋಡಿಯಾದದ್ದು. ಮೂವರು ಬೇರೆ ಬೇರೆ ಮನುಷ್ಯರು, ಯಾವುದೋ ಮೊಳೆ ಹಿಡಿದು, ತಮ್ಮ ತಮ್ಮ ಶಕ್ತಿಯಲ್ಲಿ ಹೊಡೆದದ್ದು. ನಾನು ಕಣ್ಣು ಮುಚ್ಚಿ ಹೆಬ್ಬೆಟ್ಟಿನಿಂದ ಮುಟ್ಟಿ ನೋಡಿದೆ. ಮುಟ್ಟಿದರೆ ಒಂದೊಂದೂ ಬೇರೆ ಎಂದು ನನಗೇ ತಿಳಿಯಿತು, ಇನ್ನು ವರ್ಷಾವರ್ಷ ಮುಟ್ಟಿದವಳಿಗೆ? ಸುತ್ತಿಗೆ ಕೆಳಗಿಟ್ಟೆ. ಬಣ್ಣ ಏರಿಸುವವನಿಗೂ ನಾವು ಬರುವುದಿಲ್ಲ ಎಂದು ಹೇಳಿ ಕಳಿಸಿದೆ.

ಅಷ್ಟು ಪ್ರಾಮಾಣಿಕಳಾಗಿದ್ದರೆ ಅಂದೇ ಅಜ್ಜಿಯ ಹತ್ತಿರ ಹೋಗಿ ಹೇಳಬೇಕಿತ್ತು. ಹೋಗಲಿಲ್ಲ. ಎರಡು ಸಲ ಅವರ ಗೇಟಿನ ತನಕ ಹೋಗಿ, ಅಜ್ಜಿ ಜಗಲಿಯಲ್ಲಿ ಕೂತು ಹೂ ಕಟ್ಟುವುದನ್ನು ನೋಡಿ, ವಾಪಸು ಬಂದೆ. ಆರು ಜನ, ನಾಲ್ಕು ಮಷೀನು, ಹೊಸ ಶೆಡ್ಡು ಎಲ್ಲಿ ಹುಡುಕುವುದು ಎಂದು ಲೆಕ್ಕ ಹಾಕುವ ನೆಪ ಇತ್ತು. ನಿಜ ಅಂದರೆ ನಾಚಿಕೆ. ಕೆಲಸ ಗೊತ್ತಿಲ್ಲದವಳು ಅನ್ನಿಸಿಕೊಳ್ಳುವ ಭಯ.

ಕತ್ತಿಯನ್ನು ಹಾಗೇ ಪಂಚೆಯಲ್ಲಿ ಸುತ್ತಿ ಹಬ್ಬದ ಹಿಂದಿನ ದಿನ ರಾಮಾಂಜನಪ್ಪನವರಿಗೆ ಕೊಟ್ಟೆ. ಚುಕ್ಕೆ ಇಲ್ಲದ್ದು ನೋಡಿ ಅವರ ಮುಖ ಕೆಂಪಗಾಯಿತು. ಕುಂಕುಮ ದಪ್ಪಗೆ ಮೆತ್ತಿದರಾಯಿತು, ಗದ್ದಲದಲ್ಲಿ ಅವ್ವ ಬೇಗ ಮುಗಿಸುತ್ತಾಳೆ ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾ ಒಳಗೆ ಹೋದರು.

ಆಯುಧಪೂಜೆಯ ದಿನ ಹನ್ನೊಂದು ಗಂಟೆಗೆ ಶಾಮಿಯಾನದ ಕೆಳಗೆ ಗಲ್ಲಿಯೆಲ್ಲ ಸೇರಿತ್ತು. ಬಾಳೆಕಂದು ಕಟ್ಟಿದ ಲಾರಿ, ಚೆಂಡುಹೂ ಸುತ್ತಿದ ಲೇತ್, ಕಾಲ ಕೆಳಗೆ ಒಡೆದ ಬೂದುಗುಂಬಳ. ಬಾಡಿಗೆದಾರರೆಲ್ಲ ಊಟಕ್ಕೆ ಬಂದಿದ್ದೆವು. ನಾನು ಈರಪ್ಪನನ್ನೂ ಕರೆದುಕೊಂಡು ಹೋಗಿದ್ದೆ. ಬೇಡ ಎಂದಿದ್ದ, ನಾನೇ ಎಳೆದುಕೊಂಡು ಹೋದದ್ದು. ಮೇಜಿನ ಮೇಲೆ ರೇಷ್ಮೆ ವಸ್ತ್ರ, ಅದರ ಮೇಲೆ ಕತ್ತಿ, ಹಿಡಿಯಿಂದ ಒಂದು ಗೇಣಿನ ತನಕ ಹಸಿ ಕುಂಕುಮ. ಸೊಸೆ ಅಜ್ಜಿಯನ್ನು ಕೈ ಹಿಡಿದು ತಂದು ಕೂರಿಸಿದಳು. ಫೋಟೋದವನು ಮುಂದೆ ಬಂದ.

ಅಜ್ಜಿ ಎರಡೂ ಕೈಯಿಂದ ಕತ್ತಿಯನ್ನು ತಡವಿ ಹಿಡಿ ಗುರುತಿಸಿದಳು. ಹೆಬ್ಬೆಟ್ಟು ಕುಂಕುಮದೊಳಗೆ ಇಳಿಯಿತು. ದೊಡ್ಡಬೈಲಪ್ಪ, ಅಂದಳು. ಬೆರಳು ಸರಿಯಿತು. ತಿಮ್ಮರಾಯಪ್ಪ. ಸರಿಯಿತು. ಮುನಿಬೈರಪ್ಪ. ಸರಿದ ಬೆರಳು ಅಲ್ಲೇ ಜಾರಿ ಮುಂದಕ್ಕೆ ಹೋಯಿತು. ನಿಂತಿತು. ಅಜ್ಜಿ ಹಿಡಿಯಿಂದ ಮತ್ತೆ ಶುರು ಮಾಡಿದಳು, ಮತ್ತೆ ಮೂರು ಹೆಸರು, ಮತ್ತೆ ಜಾರಿತು. ಸೆರಗಿನಿಂದ ಕುಂಕುಮ ಒರೆಸಿದಳು. ಬರಿಯ ಕಬ್ಬಿಣದ ಮೇಲೆ ಹೆಬ್ಬೆಟ್ಟನ್ನು ಆ ಕಡೆ ಈ ಕಡೆ ಆಡಿಸಿದಳು. ಓಲಗದವರು ಊದುತ್ತಲೇ ಇದ್ದರು. ಸೊಸೆ ಕೈ ಎತ್ತಿ ನಿಲ್ಲಿಸಿದಳು.

ಕತ್ತಿ ಎಲ್ಲಿಗೆ ಹೋಗಿತ್ತು ಎಂದು ಅಜ್ಜಿ ಮಗನನ್ನು ಕೇಳಿದಳು. ರಾಮಾಂಜನಪ್ಪ ಒಮ್ಮೆ ನನ್ನ ಕಡೆ, ಒಮ್ಮೆ ನೆರೆದ ಜನರ ಕಡೆ ನೋಡಿದರು. "ಪಾಲಿಶ್‌ಗೆ ಕೊಟ್ಟಿದ್ದೆ ಕಣವ್ವ. ಆ ಬಾಗಲಕೋಟೆಯೋನು, ಕೆಲ್ಸ ಗೊತ್ತಿಲ್ದೋನು, ಕೆಡಿಸ್ಬಿಟ್ಟ."

ಎಲ್ಲರೂ ಈರಪ್ಪನ ಕಡೆ ತಿರುಗಿದರು. ಅವನ ಕೈಯಲ್ಲಿ ಪಾನಕದ ಲೋಟವಿತ್ತು. ಅವನು ನನ್ನ ಕಡೆಯೂ ನೋಡಲಿಲ್ಲ, ನೆಲ ನೋಡಿಕೊಂಡು ನಿಂತ. ಒಂದು ಉಸಿರಿನಷ್ಟು ಹೊತ್ತು ನಾನೂ ಸುಮ್ಮನಿದ್ದೆ. ಅದನ್ನು ಇಲ್ಲಿ ಬರೆಯದೆ ಬಿಡಬಹುದಿತ್ತು. ಆದರೆ ಸುಮ್ಮನಿದ್ದದ್ದು ನಿಜ. ಇದು ಇಲ್ಲಿಗೇ ಮುಗಿದುಹೋಗುತ್ತದೆ, ಅವನಿಗೆ ಆಮೇಲೆ ಏನಾದರೂ ಮಾಡಿಕೊಟ್ಟರಾಯಿತು ಎಂದು ಮನಸ್ಸು ಹೇಳಿತ್ತು. ಅವನು ಲೋಟವನ್ನು ಪಕ್ಕದ ಕುರ್ಚಿಯ ಮೇಲಿಟ್ಟ. ಬಿದಿರಿನ ಸೀಳು ಹಿಡಿದು ಆ ಕತ್ತಿಯ ಕಪ್ಪು ಉಳಿಸಿದ ಕೈ ಅದು.

"ಅವನಲ್ಲ ಅಜ್ಜಿ, ನಾನು" ಅಂದೆ. "ಅವನು ಬೇಡ ಅಂತಲೇ ಹೇಳ್ದ. ತುಕ್ಕಿನ ಗುಂಡಿ ಅಂದ್ಕೊಂಡು ನಾನೇ ತಿಕ್ಕಿದ್ದು."

ಅಜ್ಜಿ ನನ್ನ ದನಿ ಬಂದ ಕಡೆ ಮುಖ ತಿರುಗಿಸಿದಳು. ಹತ್ತಿರ ಬಾ ಅಂದಳು. ಹೋಗಿ ಮೇಜಿನ ಪಕ್ಕ ಕುಕ್ಕರುಗಾಲಲ್ಲಿ ಕೂತೆ. ಹೊಡೆದರೂ ಹೊಡೆಸಿಕೊಳ್ಳೋಣ ಎಂದೇ ಕೂತದ್ದು. ಅವಳು ಬೈಯಲಿಲ್ಲ. ಯಾವ ಚಕ್ರ, ಎಷ್ಟು ಹೊತ್ತು ಹಿಡಿದೆ ಎಂದು ಕೇಳಿದಳು. ಹತ್ತು ನಿಮಿಷವೂ ಆಗಲಿಲ್ಲ ಅಂದೆ. ಅಷ್ಟೊಂದು ಬೇಗ ಹೋಯಿತಾ, ಎಂದು ಮೆಲ್ಲಗೆ ಅಂದುಕೊಂಡಳು. ಆಮೇಲೆ ಹೇಳಿದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ.

"ಕೊನೇದು ಬೇಗ ಓಗ್ತದೆ ಕಣವ್ವ. ಅದುನ್ನ ವಡ್ದೋಳು ನಾನೇ. ಇವ್ನು ಇನ್ನೂ ಮೊಲೆ ಕುಡೀತಿದ್ದ, ಮನೇಲಿ ಬ್ಯಾರೆ ಗಂಡ್ಸಿರ್ಲಿಲ್ಲ. ಕೈಯಾಗೆ ಬಲ ಎಲ್ಲಿತ್ತು."

ಆ ಮನೆಯಲ್ಲಿ ಕತ್ತಿ ಹಿಡಿದ ಹಿರಿಯ ತೀರಿಕೊಂಡರೆ ಮುಂದಿನವನು ಅವನ ಹೆಸರಿಗೆ ಒಂದು ಚುಕ್ಕೆ ಹೊಡೆಯುವ ಪದ್ಧತಿ. ಕಡೆಯ ಎರಡು ಚುಕ್ಕೆಗಳಲ್ಲಿ ಒಂದು ಅವಳ ಮಾವನದು, ಇನ್ನೊಂದು ಗಂಡನದು. ಅದು ಅಲ್ಲಿದ್ದ ಮಗನಿಗೂ ಅವತ್ತೇ ಗೊತ್ತಾದದ್ದು. ರಾಮಾಂಜನಪ್ಪ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು.

"ಮೇಲಿನ ಮೂವರ ಎಸ್ರು ಬಾಯಲ್ಲಿ ಯೇಳ್ತೀನಿ" ಅಂದಳು ಅಜ್ಜಿ. "ಮಾವುಂದು, ಗಂಡುಂದು ಬಾಯಲ್ಲಿ ಯೇಳಂಗಿಲ್ಲ. ಅವ್ರಿಬ್ರುನ್ನ ಬೆಟ್ಟಲ್ಲಿ ಯೇಳ್ತಿದ್ದೆ."

ಅಷ್ಟು ಹೇಳಿ ಅವಳು ತನ್ನ ಹೆಬ್ಬೆಟ್ಟನ್ನು ಇನ್ನೊಂದು ಕೈಯಲ್ಲಿ ಮುಚ್ಚಿ ಹಿಡಿದುಕೊಂಡಳು. ಮದುವೆಯಾದಂದಿನಿಂದ ಗಂಡನ ಹೆಸರು ಬಾಯಿಂದ ಆಡದವಳು. ಕಣ್ಣಿದ್ದಾಗ ಕಂಡಿದ್ದಳು, ಕಣ್ಣು ಹೋದ ಮೇಲೆ ವರ್ಷಕ್ಕೊಂದು ಸಲ ಬೆರಳಿನಿಂದ ಮುಟ್ಟುತ್ತಿದ್ದಳು. ಅಷ್ಟೇ ಉಳಿದಿತ್ತು ಅವಳಿಗೆ, ಅದನ್ನು ನಾನು ಹತ್ತು ನಿಮಿಷದಲ್ಲಿ ಹೊಳಪು ಮಾಡಿ ಇಟ್ಟಿದ್ದೆ. ನನಗೆ ಅಳು ತಡೆಯಲಾಗಲಿಲ್ಲ. ನಲವತ್ತೈದರ ಹೆಂಗಸು, ಗಲ್ಲಿಯ ಗಂಡಸರ ಮುಂದೆ, ಮೂಗು ಸೋರಿಸಿಕೊಂಡು ಅತ್ತೆ.

ಅಜ್ಜಿ ನನ್ನ ಕೈ ಹುಡುಕಿ, ಹೆಬ್ಬೆಟ್ಟು ಎಳೆದು, ಕುಂಕುಮದ ಬಟ್ಟಲಲ್ಲಿ ಅದ್ದಿ, ಆ ನುಣುಪು ಜಾಗದ ಮೇಲೆ ಒತ್ತಿದಳು. "ತೆಗ್ದೋಳು ನೀನು, ಯೇಳೋಳೂ ನೀನೇ. ವರ್ಸಾ ವರ್ಸಾ ಬಂದು ಯೇಳ್ಬೇಕು." ಮಗನಿಗೆ ಹೆಸರು ಹೇಳಿಕೊಡು ಅಂದಳು. ರಾಮಾಂಜನಪ್ಪ ತಾತನ ಹೆಸರು, ಅಪ್ಪನ ಹೆಸರು ನನ್ನ ಕಿವಿಯಲ್ಲಿ ಹೇಳಿದರು. ಪಿಳ್ಳಪ್ಪ, ಅಂದೆ. ಚಿಕ್ಕಬೈಲಪ್ಪ, ಅಂದೆ. ಎರಡನೆಯ ಹೆಸರಿಗೆ ಅಜ್ಜಿಯ ಹಿಡಿತ ಬಿಗಿಯಾಯಿತು. ಇನ್ನೊಂದು ಸಲ ಹೇಳು ಅನ್ನುತ್ತಾಳೇನೋ ಎಂದು ಕಾದೆ. ಅನ್ನಲಿಲ್ಲ. ಕತ್ತಿಗೆ ಮಂಗಳಾರತಿ ಆಯಿತು. ಫೋಟೋ ಯಾರೂ ತೆಗೆಯಲಿಲ್ಲ.

ಇದರಿಂದ ಎಲ್ಲ ಸರಿಹೋಯಿತು ಎಂದು ಯಾರೂ ತಿಳಿಯಬೇಡಿ. ಅಗ್ರಿಮೆಂಟು ಹೊಸದಾಗಲಿಲ್ಲ. ರಾಮಾಂಜನಪ್ಪನವರಿಗೆ ನನ್ನ ಮುಖ ನೋಡುವುದೇ ಕಷ್ಟವಾಗಿತ್ತು. ಅವರ ಸುಳ್ಳು ನಾನು ಎಲ್ಲರೆದುರು ಬಯಲು ಮಾಡಿದ್ದೆ, ನನ್ನ ತಪ್ಪು ಅವರ ಮನೆಯಲ್ಲಿ ಬಿದ್ದಿತ್ತು. ಸಂಕ್ರಾಂತಿಯ ಹೊತ್ತಿಗೆ ಮಷೀನುಗಳನ್ನು ಲಾರಿಗೆ ಏರಿಸಿ ದಾಬಸ್‌ಪೇಟೆಗೆ ಸಾಗಿಸಿದೆ. ಆರರಲ್ಲಿ ಮೂವರು ಅಷ್ಟು ದೂರ ಬರಲಿಲ್ಲ, ಈರಪ್ಪ ಬಂದ. ಶಾಮಿಯಾನದ ಕೆಳಗೆ ನಾನು ಸುಮ್ಮನಿದ್ದ ಆ ಒಂದು ಉಸಿರಿನ ಬಗ್ಗೆ ಅವನು ಇವತ್ತಿಗೂ ಕೇಳಿಲ್ಲ. ಹೇಳಿಕೊಳ್ಳಲು ನನಗೂ ಬಾಯಿ ಬಂದಿಲ್ಲ. ಯಾರಾದರೂ ಹಳೇ ಬಾಕು, ಹಳೇ ಗಂಟೆ ತಂದು ಹೊಳಪು ಕೊಡಿ ಎಂದರೆ ಈಗ ನಾನು ಮೊದಲು ಅವನ ಕೈಗೆ ಕೊಡುತ್ತೇನೆ. ಇದನ್ನು ಮನೆಯಲ್ಲಿ ಯಾರು ಮುಟ್ಟುತ್ತಾರೆ ಎಂದು ಅವನು ಗಿರಾಕಿಯನ್ನು ಕೇಳುತ್ತಾನೆ. ಕೆಲವರು ಇದೇನು ಅಧಿಕಪ್ರಸಂಗ ಎಂದು ಎದ್ದು ಹೋಗುತ್ತಾರೆ.

ಆದರೆ ಪ್ರತಿ ಆಯುಧಪೂಜೆಗೆ ಬೆಳಿಗ್ಗೆ ಬಸ್ಸು ಹತ್ತಿ ಪೀಣ್ಯಕ್ಕೆ ಬರುವುದನ್ನು ನಾನು ತಪ್ಪಿಸಲಿಲ್ಲ. ಪೂಜೆ ಮತ್ತೆ ದೇವರಮನೆಗೆ ಮರಳಿತ್ತು. ಅಜ್ಜಿ ಮೂರು ಹೆಸರು ಹೇಳುವುದು, ನನ್ನ ಹೆಬ್ಬೆಟ್ಟು ಹಿಡಿದು ಒತ್ತುವುದು, ನಾನು ಎರಡು ಹೆಸರು ಹೇಳುವುದು. ಆಮೇಲೆ ಊಟ. ಮೊದಲೆರಡು ವರ್ಷ ಅವಳು ನನ್ನೊಂದಿಗೆ ಬೇರೆ ಮಾತಾಡಲಿಲ್ಲ. ಮೂರನೇ ವರ್ಷ ನಿನ್ನ ಕೈ ಒರಟಾಗಿದೆ, ಕೊಬ್ಬರಿ ಎಣ್ಣೆ ಹಚ್ಚು ಅಂದಳು. ಅದು ಕ್ಷಮೆಯೋ ಏನೋ, ನಾನು ಕೇಳಲು ಹೋಗಲಿಲ್ಲ.

ಈ ವರ್ಷ ಶಿವರಾತ್ರಿ ಕಳೆದು ಎಂಟು ದಿನಕ್ಕೆ ಅಜ್ಜಿ ತೀರಿಕೊಂಡಳು. ದಸರೆ ಬರುತ್ತಿದ್ದ ಹಾಗೆ ಇನ್ನು ನನ್ನನ್ನು ಯಾಕೆ ಕರೆಯುತ್ತಾರೆ ಎಂದು ಸಮಾಧಾನ ಮಾಡಿಕೊಂಡಿದ್ದೆ. ಆ ಎರಡು ಹೆಸರು ಹೇಳಲು ಮಗನಿಗೆ ಅಡ್ಡಿಯೇನು? ಹಬ್ಬದ ಹಿಂದಿ‌ನ ದಿನ ರಾಮಾಂಜನಪ್ಪ ಫೋನು ಮಾಡಿದರು. ಏಳು ವರ್ಷದಲ್ಲಿ ಅವರಾಗಿ ಮಾಡಿದ ಮೊದಲ ಫೋನು. ಬನ್ನಿ ಅಂದರು, ಅಷ್ಟೇ.

ಗೋಡೆ ಬಿಟ್ಟು, ಗಲ್ಲಿಯ ನೀರು ದಾಟಿ, ಅವರ ಮನೆಗೆ ಹೋದೆ. ದೇವರಮನೆಯಲ್ಲಿ ಅವರೊಬ್ಬರೇ ಇದ್ದರು. ಕತ್ತಿ ನೋಡಿದೆ. ನಾನು ತಿಕ್ಕಿದ ಜಾಗ ಎಣ್ಣೆ ಕುಂಕುಮ ಕುಡಿದು ಕಂದುಬಣ್ಣಕ್ಕೆ ತಿರುಗಿದೆ, ಕಣ್ಣಿಗೆ ಸುಲಭಕ್ಕೆ ಸಿಗುವುದಿಲ್ಲ. ಬೆರಳಿಗೆ ಸಿಗುತ್ತದೆ. ಅವರು ಮೂರು ಹೆಸರು ಹೇಳಿ ಪಕ್ಕಕ್ಕೆ ಸರಿದರು. ನನ್ನ ಹೆಬ್ಬೆಟ್ಟನ್ನು ಹಿಡಿದು ಒತ್ತುವವರು ಯಾರೂ ಇರಲಿಲ್ಲ. ನಾನೇ ಕುಂಕುಮ ಅದ್ದಿ ಇಟ್ಟೆ. ಪಿಳ್ಳಪ್ಪ. ಚಿಕ್ಕಬೈಲಪ್ಪ. ಬೆರಳು ಎತ್ತಬೇಕಿತ್ತು, ಎತ್ತಲಾಗಲಿಲ್ಲ. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ತಾನೇ ಬಂತು.

ಹೊನ್ನಮ್ಮ, ಅಂದೆ.

ತಪ್ಪಾಯಿತೇನೋ ಎಂದು ಹೆದರಿ ರಾಮಾಂಜನಪ್ಪನವರ ಕಡೆ ನೋಡಿದೆ. ಆ ಮನೆಯ ಕತ್ತಿಯಲ್ಲಿ ಹೆಂಗಸಿನ ಹೆಸರಿಗೆ ಚುಕ್ಕೆಯಿಲ್ಲ. ಅವರು ಕೈ ಮುಗಿದುಕೊಂಡೇ ನಿಂತಿದ್ದರು.

"ಅವ್ವನ್ನ ಹೆಸ್ರಿಡಿದು ಈ ಮನೇಲಿ ಯಾರೂ ಕರೆದಿದ್ದು ನಾನ್ ಕೇಳೇ ಇಲ್ಲ" ಅಂದರು. "ಇನ್ನೊಂದ್ಸಲ ಹೇಳಿ ಸರೋಜಮ್ಮ."